ರೇಷ್ಮೆ ಹುಳುವಿನಲ್ಲಿ ‘ಸಾವು ತಡೆಯೋ’ ಜೀನ್ ಸ್ಟಡಿ ಮಾಡೋದು ಹೇಗೆ: ಮೊಟ್ಟೆಯಿಂದ ಗ್ರಾಫ್ ತನಕ

ನಮ್ಮೂರು ತಳಿ ಹತ್ರ, ಕೃಷ್ಣಗಿರಿ ಜಿಲ್ಲೆ. ಬಸ್ ಬೋರ್ಡು ತಮಿಳಲ್ಲಿ, ಮನೆ ಮಾತು ಕನ್ನಡ, ಹುಳುಮನೇಲಿ ಮಾತ್ರ ಯಾವ ಭಾಷೆನೂ ಇಲ್ಲ, ಸೊಪ್ಪು ಮೇಯೋ ಸದ್ದು ಅಷ್ಟೇ. ಚಿಕ್ಕವಳಿದ್ದಾಗಿಂದ ಸೊಪ್ಪು ಹಾಕಿ ಹಿಕ್ಕೆ ಎತ್ತಿ ಬೆಳೆದೋಳು ನಾನು, ಆಮೇಲೆ ಅದೇ ಹುಳುನ ಕೊಯ್ದು ಅದರ ಜೀನ್ ನೋಡೋ ಕೆಲಸಕ್ಕೆ ಬಂದೆ. ಈಗ ಹೊಸೂರು, ಆನೇಕಲ್, ಹಿಂದೂಪುರ ಕಡೆಯಿಂದ ಜೂನಿಯರ್ಸ್ ಫೋನ್ ಮಾಡಿ ‘ಅಕ್ಕಾ, ಅಪಾಪ್ಟೋಸಿಸ್ ಪ್ರೋಟೋಕಾಲ್ ಕಳ್ಸಿ’ ಅಂತಾರೆ. ಕಳ್ಸೋದು ಸುಲಭ. ಆದ್ರೆ ಪ್ರೋಟೋಕಾಲಲ್ಲಿ ಬರೀದೇ ಬಿಟ್ಟಿರೋದೇ ಜಾಸ್ತಿ, ಅದಕ್ಕೆ ಒಂದೇ ಸಲ ಎಲ್ಲಾನೂ ಇಲ್ಲಿ ಬರೆದು ಇಡ್ತಿದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಈ ಕೆಲಸ ಕೆಡೋದು ಕಿಟ್‌ನಿಂದ ಅಲ್ಲ, ಟೈಮಿಂಗ್‌ನಿಂದ. ಹುಳುಗೆ ಅದರದೇ ಗಡಿಯಾರ ಇದೆ, ನಾವು ಕ್ಯಾಲೆಂಡರ್ ನೋಡ್ಕೊಂಡು ಸ್ಯಾಂಪಲ್ ತಗೊಂಡ್ರೆ ಎಂಥ ದುಬಾರಿ ಮೆಷಿನ್ ಇದ್ರೂ ಅಷ್ಟೇ.

ಜೀನ್ ಯಾವ್ದು, ಯಾಕೆ

ಜೀವಕೋಶ ಸಾಯೋದು ಮುಖ್ಯವಾಗಿ ಎರಡು ಥರ. ಏಟು ಬಿದ್ದು ಒಡೆದು ಹೋಗೋದು ಒಂದು, ತಾನೇ ಪ್ಲ್ಯಾನ್ ಮಾಡ್ಕೊಂಡು ನೀಟಾಗಿ ಮಡಚಿಕೊಂಡು ಹೋಗೋದು ಇನ್ನೊಂದು. ಎರಡನೇದು ಅಪಾಪ್ಟೋಸಿಸ್. ಅದನ್ನ ಮಾಡೋದು ಕ್ಯಾಸ್ಪೇಸ್ ಅನ್ನೋ ಪ್ರೋಟೀನ್ ಕತ್ತರಿಗಳು. ಆ ಕತ್ತರಿ ಸದಾ ಸೆಲ್ ಒಳಗೇ ಇರುತ್ತೆ, ಆದ್ರೆ ಅದರ ಬಾಯಿ ಕಟ್ಟಿ ಹಾಕೋಕೆ ಕೆಲವು ಜೀನ್ ಇವೆ, ಅವನ್ನೇ ಸಾವು ತಡೆಯೋ ಜೀನ್ ಅನ್ನೋದು. ರೇಷ್ಮೆ ಹುಳುವಿನಲ್ಲಿ ಹೊಸಬರಿಗೆ ಒಳ್ಳೇದು ಅಂದ್ರೆ ಬಿಎಂಐಎಪಿ (ಬಿಎಂ ಅಂದ್ರೆ ರೇಷ್ಮೆ ಹುಳು, ಬಾಂಬಿಕ್ಸ್ ಮೋರಿ; ಐಎಪಿ ಅಂದ್ರೆ ಅಪಾಪ್ಟೋಸಿಸ್ ತಡೆಯೋ ಪ್ರೋಟೀನ್). ಇದನ್ನ 2001ರಲ್ಲಿ ಬಿಎಂಎನ್ ಅನ್ನೋ, ಲ್ಯಾಬಲ್ಲಿ ಬೆಳೆಸೋ ರೇಷ್ಮೆ ಹುಳು ಸೆಲ್‌ಗಳಿಂದ ಕ್ಲೋನ್ ಮಾಡಿ ತೋರಿಸಿದ್ರು, ಎರಡು ಬಿಐಆರ್ ಡೊಮೇನ್ (ಡೊಮೇನ್ ಅಂದ್ರೆ ಪ್ರೋಟೀನ್‌ನ ಒಂದು ಭಾಗ) ಮತ್ತು ಬಾಲದ ಕಡೆ ಒಂದು ರಿಂಗ್ ಡೊಮೇನ್ ಇದೆ. ಮನುಷ್ಯರ ಕ್ಯಾಸ್ಪೇಸ್‌ಗಳ ಜೊತೆ ಟೆಸ್ಟ್ ಮಾಡ್ದಾಗ ಇದು ಕ್ಯಾಸ್ಪೇಸ್-9ನ್ನ ತಡೀತು, 3 ಮತ್ತು 7ನ್ನ ತಡೀಲಿಲ್ಲ. ಅಂದ್ರೆ ಎಲ್ಲಾ ಕತ್ತರಿಗೂ ಅಡ್ಡ ಬರಲ್ಲ, ಮೊದಲು ಶುರು ಮಾಡೋ ಕತ್ತರಿಗೆ ಮಾತ್ರ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ತಮಾಷೆ ಏನಂದ್ರೆ ಈ ಐಎಪಿ ಅನ್ನೋ ಕುಟುಂಬ ಮೊದಲು ಸಿಕ್ಕಿದ್ದು ಯಾವ ಪ್ರಾಣಿಯಲ್ಲೂ ಅಲ್ಲ, ಹುಳುಗಳಿಗೆ ರೋಗ ತರೋ ಬ್ಯಾಕ್ಯುಲೋವೈರಸ್‌ನಲ್ಲಿ, 1993ರಲ್ಲಿ. ಅದಕ್ಕೂ ಮುಂಚೆ 1991ರಲ್ಲಿ ಅದೇ ಜಾತಿ ವೈರಸ್‌ನಲ್ಲಿ ಪಿ35 ಅನ್ನೋ ಜೀನ್ ಸಿಕ್ಕಿತ್ತು. ವೈರಸ್‌ಗೆ ಸೆಲ್ ಬದುಕಿರಬೇಕು, ಇಲ್ಲಾಂದ್ರೆ ತನ್ನ ಮರಿ ಮಾಡೋಕೆ ಜಾಗ ಎಲ್ಲಿ? ಅದಕ್ಕೆ ಸಾವು ತಡೆಯೋ ಜೀನ್‌ನ ತಾನೇ ಇಟ್ಕೊಂಡಿರುತ್ತೆ. ನಮ್ಮ ರೇಷ್ಮೆ ಹುಳುಗೆ ಬರೋ ಹಾಲುತೊಂಡೆ ರೋಗದ ವೈರಸ್ ಕೂಡ ಇದೇ ಗುಂಪಿಂದು. ಇದು ಬರೀ ಕಥೆ ಅಲ್ಲ, ನನ್ನ ಆರು ತಿಂಗಳು ತಿಂದಿದ್ದು ಇದೇ, ಹೇಳ್ತೀನಿ.

ಕಂಪ್ಯೂಟರ್ ಮುಂದೆ ಒಂದು ವಾರ

ರೇಷ್ಮೆ ಹುಳುವಿನ ಜೀನೋಮ್ ಡ್ರಾಫ್ಟ್ ಬಂದಿದ್ದು 2004ರಲ್ಲಿ, 28 ಜೋಡಿ ಕ್ರೋಮೋಸೋಮ್. ಪಿ50ಟಿ ಅನ್ನೋ ತಳಿಯದು 2019ರಲ್ಲಿ ಇನ್ನೂ ಕ್ಲೀನಾಗಿ ಬಂತು. ಸಿಲ್ಕ್‌ಬೇಸ್, ಕೈಕೋಬೇಸ್, ಎನ್‌ಸಿಬಿಐ, ಈ ಮೂರು ಡೇಟಾಬೇಸಲ್ಲೂ ನಿಮ್ಮ ಜೀನ್ ಹುಡುಕಿ, ಮೂರರಲ್ಲೂ ಸೀಕ್ವೆನ್ಸ್ ಒಂದೇ ಇದೆಯಾ ನೋಡಿ. ಹಣ್ಣಿನ ನೊಣದ (ಡ್ರೊಸೊಫಿಲಾ) ಐಎಪಿ ಜೀನ್ ಡಿಐಎಪಿ1 ಹಾಕಿ ಬ್ಲಾಸ್ಟ್ (ಸೀಕ್ವೆನ್ಸ್ ಹೋಲಿಸೋ ಪ್ರೋಗ್ರಾಂ) ಮಾಡಿ, ಸಿಕ್ಕಿದ್ದನ್ನ ವಾಪಸ್ ನೊಣದ ಮೇಲೆ ಬ್ಲಾಸ್ಟ್ ಮಾಡಿ, ಅದೇ ಬಂದ್ರೆ ಸರಿ. ಬಿಐಆರ್ ಡೊಮೇನ್ ಸುಮಾರು 70 ಅಮೈನೋ ಆಸಿಡ್, ಅದರಲ್ಲಿ ಮೂರು ಸಿಸ್ಟೀನ್ ಒಂದು ಹಿಸ್ಟಿಡೀನ್ ಸೇರಿ ಒಂದು ಸತುವಿನ ಪರಮಾಣುನ ಹಿಡ್ಕೊಂಡಿರುತ್ತವೆ. ಆ ನಾಲ್ಕು ಜಾಗ ಎಲ್ಲಿವೆ ಅಂತ ಪೆನ್ನಲ್ಲಿ ಮಾರ್ಕ್ ಮಾಡ್ಕೊಳ್ಳಿ, ಆಮೇಲೆ ಮ್ಯೂಟೆಂಟ್ ಮಾಡೋದು ಅಲ್ಲೇ.

ಆದ್ರೆ ಡೇಟಾಬೇಸ್‌ನಲ್ಲಿರೋ ತಳಿ ನಿಮ್ಮ ಟ್ರೇಯಲ್ಲಿಲ್ಲ. ನಿಮ್ಮ ಹತ್ರ ಇರೋದು ಪ್ಯೂರ್ ಮೈಸೂರೋ, ಸಿಎಸ್‌ಆರ್2ಓ, ಇನ್ಯಾವುದೋ. ಒಂದೆರಡು ಅಕ್ಷರ ಬೇರೆ ಇದ್ರೂ ಪ್ರೈಮರ್ (ಪಿಸಿಆರ್ ಶುರು ಮಾಡೋ ಡಿಎನ್‌ಎ ತುಂಡು) ಕೂರಲ್ಲ, ಕ್ರಿಸ್ಪರ್ ಗೈಡ್ (ಜೀನ್ ಎಲ್ಲಿ ಕತ್ತರಿಸ್ಬೇಕು ಅಂತ ತೋರಿಸೋ ಆರ್‌ಎನ್‌ಎ) ಅಂತೂ ಕೈ ಕೊಡುತ್ತೆ. ಅದಕ್ಕೆ ಮೊದಲ ಬೆಂಚ್ ಕೆಲಸನೇ ನಿಮ್ಮ ಹುಳುವಿನಿಂದ ಜೀನ್ ಪೂರ್ತಿ ಆಂಪ್ಲಿಫೈ ಮಾಡಿ ಸೀಕ್ವೆನ್ಸ್ ಮಾಡ್ಸೋದು. ಇದನ್ನ ಸ್ಕಿಪ್ ಮಾಡ್ದೋರೆಲ್ಲ ಆಮೇಲೆ ಇಲ್ಲಿಗೇ ವಾಪಸ್ ಬಂದಿದಾರೆ.

ಹುಳು ತರೋದು, ಸಾಕೋದು

ಹುಳು ತಳಿ ಹುಡುಕ್ಕೊಂಡು ತಳಿ ಊರಿಂದ ಹೊಸೂರಿಗೆ ಹೋಗೋದು ನಮಗೇನು ಹೊಸದಲ್ಲ. ಸೆಂಟ್ರಲ್ ಸಿಲ್ಕ್ ಬೋರ್ಡ್‌ನ ರೇಷ್ಮೆ ಜರ್ಮ್‌ಪ್ಲಾಸಂ ಕೇಂದ್ರ ಹೊಸೂರಲ್ಲೇ ಇರೋದು, ಹುಳು ತಳಿ ಹಿಪ್ಪುನೇರಳೆ ತಳಿ ಎರಡೂ ಅಲ್ಲಿ ಕಾಪಾಡ್ತಾರೆ. ನಿಮ್ಮ ಗೈಡ್ ಕಡೆಯಿಂದ ಲೆಟರ್ ಬರೆದು ತಳಿಯ ಹೆಸರು ನಂಬರ್ ಸಮೇತ ತಗೊಳ್ಳಿ. ಪಕ್ಕದ ಮನೆ ಚಾಕಿ (ಮರಿ) ಹುಳು ತಂದು ಪೇಪರ್ ಬರೆಯೋಕಾಗಲ್ಲ, ಅದು ಕ್ರಾಸ್‌ಬ್ರೀಡ್, ಒಂದೊಂದು ಹುಳು ಒಂದೊಂದು ಥರ.

ಮಲ್ಟಿವೋಲ್ಟೈನ್ (ವರ್ಷಕ್ಕೆ ಹಲವು ತಲೆಮಾರು) ತಗೋಬೇಕಾ ಬೈವೋಲ್ಟೈನ್ (ವರ್ಷಕ್ಕೆ ಎರಡು) ತಗೋಬೇಕಾ ಅಂತ ಎಲ್ರೂ ಕೇಳ್ತಾರೆ. ನನ್ನ ಅಭಿಪ್ರಾಯ, ಮೊಟ್ಟೆಗೆ ಇಂಜೆಕ್ಷನ್ ಮಾಡೋ ಯೋಚನೆ ಇದ್ರೆ ಪ್ಯೂರ್ ಮೈಸೂರು ಅಥವಾ ನಿಸ್ತಾರಿ ಥರದ್ದು, ಯಾಕಂದ್ರೆ ಅವುಗಳ ಮೊಟ್ಟೆ ನಿದ್ದೆಗೆ ಹೋಗಲ್ಲ, ಸುಮಾರು ಹತ್ತು ದಿನಕ್ಕೆ ಚಾಕಿ. ಬೈವೋಲ್ಟೈನ್ ಮೊಟ್ಟೆ ಆದ್ರೆ ಆಸಿಡ್ ಟ್ರೀಟ್‌ಮೆಂಟ್ ಅದೂ ಇದೂ. ಬರೀ ಗ್ರಂಥಿ ಕೊಯ್ಯೋ ಕೆಲಸ ಅಂದ್ರೆ ಬೈವೋಲ್ಟೈನ್ ಚೆನ್ನ, ಗ್ರಂಥಿ ದಪ್ಪ, ಹುಳುಗಳೂ ಒಂದೇ ಸಮ ಬೆಳೀತವೆ.

ಚಾಕಿಗೆ 27-28 ಡಿಗ್ರಿ, ತೇವ ಜಾಸ್ತಿ, ನಾಲ್ಕನೇ ಜ್ವರ (ಹುಳು ಪೊರೆ ಬಿಡೋಕೆ ಮಲಗೋದು) ಎದ್ದ ಮೇಲೆ 24-25 ಡಿಗ್ರಿ, ತೇವ 70 ಪರ್ಸೆಂಟ್ ಆಸುಪಾಸು. ಇದೆಲ್ಲ ನಿಮ್ಮ ಮನೇಲಿ ಅವ್ವಂಗೇ ಗೊತ್ತಿರುತ್ತೆ. ನಮಗೆ ಮುಖ್ಯ ಏನಂದ್ರೆ ಜ್ವರ ಎದ್ದ ಗಂಟೆ. ಎಲ್ಲಾ ಒಟ್ಟಿಗೆ ಏಳಲ್ಲ. ನಾಲ್ಕನೇ ಜ್ವರ ಎದ್ದ ಹುಳುಗಳನ್ನ ಎರಡು ಗಂಟೆಗೊಮ್ಮೆ ಆರಿಸಿ ಬೇರೆ ಬೇರೆ ಟ್ರೇಗೆ ಹಾಕಿ, ಟ್ರೇ ಮೇಲೆ ಟೈಮ್ ಬರೀರಿ, ಆಮೇಲೇ ಸೊಪ್ಪು. ಗಂಡು ಹೆಣ್ಣು ಕೂಡ ಬೇರೆ ಮಾಡಿ, ಎರಡರ ಬೆಳವಣಿಗೆ ವೇಗ ಒಂದೇ ಅಲ್ಲ.

ಇನ್ನು ಆ ಆರು ತಿಂಗಳ ಕಥೆ. ಕಂಟ್ರೋಲ್ ಹುಳುಗಳಲ್ಲಿ ಕ್ಯಾಸ್ಪೇಸ್ ಒಂದು ಬ್ಯಾಚಲ್ಲಿ ಜಾಸ್ತಿ ಬರೋದು, ಇನ್ನೊಂದರಲ್ಲಿ ಏನೂ ಇಲ್ಲ. ಬಫರ್ ಬದಲಾಯಿಸ್ದೆ, ಕಿಟ್ ಬದಲಾಯಿಸ್ದೆ, ಫ್ರೀಜರ್‌ನ ಬೈದೆ. ಒಂದಿನ ಉಳಿದ ಹುಳುಗಳು ಟ್ರೇ ಅಂಚಿಗೆ ಹತ್ತಿ ಸುತ್ತಾಡ್ತಿದ್ವು, ಗಿಣ್ಣು ಊದಿತ್ತು, ಒಂದನ್ನ ಚುಚ್ಚಿ ನೋಡ್ದೆ, ಹಾಲಿನಂಥ ರಕ್ತ. ಹಾಲುತೊಂಡೆ! ಆ ವೈರಸ್ ಹೊಟ್ಟೆಯೊಳಗೆ ಕೂತ್ಕೊಂಡು ತನ್ನ ಪಿ35 ಬಿಡ್ತಾ ಇತ್ತು, ನಾನು ಹುಳುವಿನ ಐಎಪಿ ಕೆಲಸ ಅಂತ ಬರ್ಕೊಂತಾ ಇದ್ದೆ. ಅವತ್ತಿಂದ ರೂಲ್ ಮಾಡ್ಕೊಂಡಿದೀನಿ. ಪ್ರತಿ ಬ್ಯಾಚಿಂದ ಐದು ಹುಳುವಿನ ಒಂದೊಂದು ಹನಿ ರಕ್ತ ಮೈಕ್ರೋಸ್ಕೋಪಲ್ಲಿ ನೋಡೋದು, ಹೊಳೆಯೋ ಪಾಲಿಹೆಡ್ರಾ ಕಾಳು ಇದೆಯಾ ಅಂತ, ಜೊತೆಗೆ ವೈರಸ್ ಜೀನ್‌ಗೆ ಒಂದು ಪಿಸಿಆರ್, ಯಾಕಂದ್ರೆ ಕಾಳು ಕಾಣೋಷ್ಟೊತ್ತಿಗೆ ತಡ ಆಗಿರುತ್ತೆ. ಮೊಟ್ಟೆ ಇಟ್ಟ ಚಿಟ್ಟೆನೂ ಅರೆದು ಗಂಟು ರೋಗಕ್ಕೆ ನೋಡಿ. ಟ್ರೇ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೀರಿ. ಮನೆ ಹುಳು ಮುಟ್ಟಿದ ಬಟ್ಟೇಲಿ ಲ್ಯಾಬ್ ಹುಳು ರೂಮಿಗೆ ಹೋಗ್ಬೇಡಿ, ಇದು ನನಗೇ ಹೇಳ್ಕೊಂತಿರೋದು.

ಗಂಟೆ ಲೆಕ್ಕ

ರೇಷ್ಮೆ ಗ್ರಂಥಿ ಯಾಕೆ ಆರಿಸ್ಕೋಬೇಕು ಅಂದ್ರೆ, ಸಾವು ಯಾವಾಗ ಬರುತ್ತೆ ಅಂತ ಹುಳುನೇ ಫಿಕ್ಸ್ ಮಾಡಿಟ್ಟಿರೋ ಜಾಗ ಅದು. ಹಿಂಭಾಗದ ಗ್ರಂಥೀಲಿ ಐನೂರು ಚಿಲ್ಲರೆ ಸೆಲ್ ಅಷ್ಟೇ, ಮೊಟ್ಟೆಯೊಳಗಿದ್ದಾಗಲೇ ಅವುಗಳ ಸಂಖ್ಯೆ ಮುಗಿದೋಗಿರುತ್ತೆ, ಆಮೇಲೆ ಒಂದು ಎರಡಾಗಲ್ಲ, ಡಿಎನ್‌ಎ ಮಾತ್ರ ಮೇಲಿಂದ ಮೇಲೆ ಕಾಪಿ ಮಾಡ್ಕೊಂಡು ದೈತ್ಯ ಆಗ್ತವೆ. ಗೂಡು ಕಟ್ಟಿ ಮುಗಿದ ಮೇಲೆ 20-ಹೈಡ್ರಾಕ್ಸಿ ಎಕ್ಡೈಸೋನ್ ಅನ್ನೋ ಹಾರ್ಮೋನ್ ಏರುತ್ತೆ, ಅದರ ಆಜ್ಞೆಗೆ ಇಡೀ ಗ್ರಂಥಿ ಕರಗಿ, ಹುಳು ಕೋಶ (ಪ್ಯೂಪಾ) ಆದ ಎರಡು ದಿನಕ್ಕೆಲ್ಲ ಹುಡುಕಿದ್ರೂ ಸಿಗಲ್ಲ. ಮೊದಲು ಆಟೋಫೇಜಿ, ಅಂದ್ರೆ ಸೆಲ್ ತನ್ನನ್ನೇ ತಿನ್ನೋದು, ಅದರ ಹಿಂದೆ ಅಪಾಪ್ಟೋಸಿಸ್. ಹಂಗಾಗಿ ಕೇಳಬೇಕಾದ ಪ್ರಶ್ನೆ ಸಿಂಪಲ್: ಗ್ರಂಥಿ ಬದುಕಿರೋವರೆಗೂ ನಿಮ್ಮ ಜೀನ್ ಆನ್ ಇತ್ತಾ, ಸಾಯೋ ಮುಂಚೆ ಇಳೀತಾ?

ಇದಕ್ಕೆ ಸೊನ್ನೆ ಗಂಟೆ ಯಾವುದು ಅನ್ನೋದೇ ಎಲ್ಲಾ. ನಾನು ಮೊದಲ ಸಲ ಐದನೇ ಹಂತದ (ನಾಲ್ಕನೇ ಜ್ವರ ಎದ್ದ ಮೇಲಿನದು) ಏಳನೇ ದಿನ, ಎಂಟನೇ ದಿನ ಅಂತ ತಗೊಂಡಿದ್ದೆ. ಕರೆಂಟ್ ಹೋಗಿ ರೂಮು ಒಂದಿನ ತಣ್ಣಗಾದ್ರೆ ಸಾಕು, ಏಳನೇ ದಿನ ಅನ್ನೋದಕ್ಕೆ ಅರ್ಥನೇ ಇಲ್ಲ. ಎರರ್ ಬಾರ್ ನೋಡಿದ್ರೆ ತೆಂಗಿನ ಮರದ ಥರ ಇತ್ತು. ಊರಿಗೆ ಹೋದಾಗ ಅವ್ವ ಹಣ್ಣು ಹುಳು ಆರಿಸ್ತಾ ಇದ್ಲು, ಬೆಳಗಿನ ಜಾವ ಬಲ್ಬ್ ಕೆಳಗೆ. ಒಂದು ಹುಳುನ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, ‘ಇದಾಗೈತೆ’, ಪಕ್ಕಕ್ಕೆ. ಇನ್ನೊಂದು, ‘ಇದಕ್ಕಿನ್ನೊಂದ್ ಊಟ ಬೇಕು’, ವಾಪಸ್. ನನ್ ಕಣ್ಣಿಗೆ ಎರಡೂ ಒಂದೇ. ಕೂತು ಕಲ್ತೆ: ಮೈ ದ್ರಾಕ್ಷಿ ಥರ ಬೆಳಕು ಬಿಡುತ್ತೆ, ಗಂಟಲ ಕಡೆಯಿಂದ ಶುರುವಾಗಿ ಹಿಂದಕ್ಕೆ ಹೋಗುತ್ತೆ, ಮೇಯೋದು ನಿಲ್ಲಿಸಿರುತ್ತೆ, ಕಡೇ ಹಿಕ್ಕೆ ಮೆತ್ತಗೆ ಒದ್ದೆ, ತಲೆ ಎತ್ತಿ ಅತ್ತಿತ್ತ ಆಡಿಸುತ್ತೆ. ಇವೆಲ್ಲ ಸೇರಿದ್ರೆ ಹಣ್ಣು. ಗೂಡು ಕಟ್ಟಿಸೋ ಚಂದ್ರಿಕೆಗೆ ಹಾಕಿ ಮೊದಲ ಎಳೆ ಬಿಟ್ಟ ಗಂಟೆ, ಅದು ನಮ್ಮ ಸೊನ್ನೆ. ಅವತ್ತಿಂದ ನನ್ನ ಎರರ್ ಬಾರ್ ಅರ್ಧ ಆಯ್ತು, ಅಕ್ನಾಲೆಜ್‌ಮೆಂಟಲ್ಲಿ ಅವ್ವನ ಹೆಸರು ಹಾಕಿದೀನಿ, ಅವಳಿಗೆ ಓದೋಕೆ ಬರಲ್ಲ ಅಷ್ಟೇ.

ಸ್ಯಾಂಪಲ್ ತಗೊಳ್ಳೋ ಹೊತ್ತು: ಐದನೇ ಹಂತದ ಮೂರನೇ ದಿನ ಒಂದು, ಅದು ಆರಾಮಾಗಿ ಮೇಯ್ತಿರೋ ಕಾಲ. ಆಮೇಲೆ ಸೊನ್ನೆ ಗಂಟೆ, 12, 24, 36, 48, 60, 72, ಹೀಗೆ ಕೋಶ ಆಗೋವರೆಗೂ. ಕೋಶ ಆದ ಗಂಟೆನ ಮತ್ತೆ ಸೊನ್ನೆ ಮಾಡ್ಕೊಂಡು 6, 12, 24, 48. ಗೂಡೊಳಗೆ ಇರೋದು ಕಾಣಲ್ಲ, ಅದಕ್ಕೆ ಗೂಡಿನ ತುದಿ ಬ್ಲೇಡಲ್ಲಿ ಸ್ವಲ್ಪ ಕತ್ತರಿಸಿ ಇಣುಕಿ ನೋಡಿ, ಇಲ್ಲಾಂದ್ರೆ ಆಮೇಲಿನ ಹಂತಕ್ಕೆ ಕಾಗದದ ಗೂಡಿಗೆ ಬಿಡಿ. ಪ್ರತಿ ಹೊತ್ತಿಗೂ ಮೂರು ಗುಂಪು, ಗುಂಪಿಗೆ ಮೂರರಿಂದ ಐದು ಹುಳು. ಹೌದು, ರಾತ್ರಿ ಎದ್ದಿರಬೇಕು. ಅಲಾರಂ ಇಡಿ.

ಒಂದು ಎಚ್ಚರಿಕೆ. ನಮ್ಮ ಕಡೆ ರೈತರು ಹುಳು ಒಟ್ಟಿಗೆ ಹಣ್ಣಾಗ್ಲಿ ಅಂತ ‘ಸಂಪೂರ್ಣ’ ಹೊಡೀತಾರೆ ಸೊಪ್ಪಿಗೆ, ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆ ತಂದಿದ್ದು. ಅದು ಗಿಡದಿಂದ ತೆಗೆದ ಎಕ್ಡೈಸ್ಟೆರಾಯ್ಡ್, ಅಂದ್ರೆ ನಾವು ಯಾವ ಹಾರ್ಮೋನ್‌ನಿಂದ ಗ್ರಂಥಿ ಸಾಯುತ್ತೆ ಅಂತೀವೋ ಅದರದೇ ದಾಯಾದಿ. ರೇಷ್ಮೆ ಬೆಳೆಗೆ ಒಳ್ಳೇದು, ಈ ಎಕ್ಸ್‌ಪೆರಿಮೆಂಟ್‌ನ ಕಂಟ್ರೋಲ್ ಟ್ರೇಗೆ ವಿಷ. ಬೇಕಂತಲೇ ಹಾರ್ಮೋನ್ ಎಫೆಕ್ಟ್ ನೋಡೋದಾದ್ರೆ ಅಳತೆ ಗೊತ್ತಿರೋ ಶುದ್ಧ ಹಾರ್ಮೋನ್ ಬಳಸಿ.

ಕೊಯ್ಯೋದು

ಹುಳುನ ಐಸ್ ಮೇಲೆ ಹತ್ತು ನಿಮಿಷ ಇಟ್ರೆ ಸುಮ್ನಾಗುತ್ತೆ. ಮೇಣದ ತಟ್ಟೇಲಿ ಪಿನ್ ಹೊಡೆದು ತಣ್ಣನೆ ಪಿಬಿಎಸ್ (ಉಪ್ಪಿನ ಬಫರ್) ಸುರಿದು ಬೆನ್ನ ಮೇಲಿಂದ ಕತ್ತರಿ ಆಡಿಸಿ, ಮಧ್ಯದ ಕರುಳು ಒಡೀಬಾರದು, ಒಡೆದ್ರೆ ಅದರ ಎಂಜೈಮು ಎಲ್ಲಾ ಹಾಳು ಮಾಡುತ್ತೆ. ಕರುಳು ಎತ್ತಿದ್ರೆ ಎರಡೂ ಪಕ್ಕ ಗ್ರಂಥಿ. ದಪ್ಪಗೆ ಬಾಗಿರೋದು ಮಧ್ಯಭಾಗ, ಅಲ್ಲಿ ಸೆರಿಸಿನ್, ತೆಳ್ಳಗೆ ಮಡಚಿ ಮಡಚಿ ಇರೋದು ಹಿಂಭಾಗ, ಅಲ್ಲಿ ಫೈಬ್ರೋಯಿನ್. ಹಿಂಭಾಗ ಮಾತ್ರ ತಗೊಳ್ಳಿ, ಎರಡನ್ನೂ ಕಲಸ್ಬೇಡಿ. ಒಳಗಿನ ರೇಷ್ಮೆ ಅಂಟು ಆರ್‌ಎನ್‌ಎ ತೆಗೆಯೋವಾಗ ಗೋಂದಿನ ಥರ ಪಿಪೆಟ್ ತುದೀಲಿ ಕೂರುತ್ತೆ, ಅದಕ್ಕೆ ಚಿಕ್ಕ ತುಂಡು ಸಾಕು, ಆಸೆ ಪಡ್ಬೇಡಿ. ರಕ್ತ ಕಪ್ಪಗಾಗದೇ ಇರ್ಲಿ ಅಂತ ಫಿನೈಲ್‌ಥಯೋಯೂರಿಯಾ ಒಂದೆರಡು ಕಾಳು ಹಾಕ್ತಾರೆ, ಅದು ವಿಷ, ಗ್ಲೌಸ್ ಕಡ್ಡಾಯ. ಕೊಯ್ದ ತಕ್ಷಣ ಲಿಕ್ವಿಡ್ ನೈಟ್ರೋಜನ್ ಅಥವಾ ಟ್ರೈಜಾಲ್ (ಆರ್‌ಎನ್‌ಎ ತೆಗೆಯೋ ದ್ರಾವಣ). ಒಂದೇ ಹುಳುವಿನ ಒಂದು ಗ್ರಂಥಿ ಆರ್‌ಎನ್‌ಎಗೆ, ಇನ್ನೊಂದು ಕ್ಯಾಸ್ಪೇಸ್‌ಗೆ ಇಟ್ರೆ ಆಮೇಲೆ ಎರಡನ್ನೂ ಜೋಡಿಸಿ ನೋಡ್ಬಹುದು.

ಜೀನ್ ಎಷ್ಟು ಓಡ್ತಿದೆ

ಕ್ಯೂಪಿಸಿಆರ್ (ಜೀನ್‌ನ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯೋದು) ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಬರುತ್ತೆ ಅಂದ್ಕೊಂಡಿರ್ತಾರೆ. ಡಿಎನ್‌ಏಸ್ ಹಾಕಿ, ಪ್ರೈಮರ್ ಎಫಿಶಿಯೆನ್ಸಿ 90ರಿಂದ 110 ಪರ್ಸೆಂಟ್ ಒಳಗಿರ್ಲಿ. ರೆಫರೆನ್ಸ್ ಜೀನ್ (ಹೋಲಿಕೆಗೆ ಇಟ್ಕೊಳ್ಳೋ, ಬದಲಾಗದ ಜೀನ್) ಮಾತ್ರ ಯೋಚಿಸಿ ಆರಿಸಿ. ಗ್ರಂಥಿನೇ ಕರಗೋವಾಗ ಆಕ್ಟಿನ್ ಸ್ಥಿರವಾಗಿರುತ್ತೆ ಅಂತ ಯಾರು ಹೇಳಿದ್ರು? ಕನಿಷ್ಠ ಎರಡು ರೆಫರೆನ್ಸ್ ಇಟ್ಕೊಂಡು, ನಿಮ್ಮ ಎಲ್ಲಾ ಗಂಟೆಗಳಲ್ಲೂ ಅವು ಅಲ್ಲಾಡ್ತಿಲ್ಲ ಅಂತ ಮೊದಲು ತೋರಿಸಿ.

ಲೆಕ್ಕ ಹೀಗೆ. ಉದಾಹರಣೆಗೆ ಸೊನ್ನೆ ಗಂಟೇಲಿ ನಿಮ್ಮ ಜೀನ್ ಸಿಟಿ (ಸಿಗ್ನಲ್ ಕಾಣಿಸಿದ ಸೈಕಲ್ ನಂಬರ್, ಜಾಸ್ತಿ ಇದ್ದಷ್ಟೂ ಆರ್‌ಎನ್‌ಎ ಕಮ್ಮಿ) 22, ರೆಫರೆನ್ಸ್ 18, ವ್ಯತ್ಯಾಸ 4. 48 ಗಂಟೇಲಿ ಜೀನ್ 25, ರೆಫರೆನ್ಸ್ 18, ವ್ಯತ್ಯಾಸ 7. ಏಳರಲ್ಲಿ ನಾಲ್ಕು ಹೋದ್ರೆ ಮೂರು, ಅಂದ್ರೆ ಎರಡನ್ನ ಮೂರು ಸಲ ಗುಣಿಸಿದಷ್ಟು ಕಮ್ಮಿ, ಎಂಟನೇ ಒಂದು ಭಾಗ ಉಳಿದಿದೆ. ಆದ್ರೆ ಇದು ಆರ್‌ಎನ್‌ಎ ಕಥೆ ಮಾತ್ರ. ಐಎಪಿಗಳ ರಿಂಗ್ ಡೊಮೇನ್ ಯೂಬಿಕ್ವಿಟಿನ್ (ಪ್ರೋಟೀನ್‌ನ ಒಡೆಯೋಕೆ ಹಾಕೋ ಗುರುತು) ಅಂಟಿಸೋ ಕೆಲಸ ಮಾಡುತ್ತೆ, ಬೇರೆಯವರಿಗೂ ತನಗೂ, ಹಂಗಾಗಿ ಪ್ರೋಟೀನ್ ಆಯಸ್ಸು ಕಮ್ಮಿ. ಆರ್‌ಎನ್‌ಎ ಇದ್ದೂ ಪ್ರೋಟೀನ್ ಇಲ್ಲದೇ ಇರ್ಬಹುದು. ಆಂಟಿಬಾಡಿ ಸಿಕ್ರೆ ವೆಸ್ಟರ್ನ್ ಬ್ಲಾಟ್ ಮಾಡಿ ಪ್ರೋಟೀನ್ ನೋಡ್ಲೇಬೇಕು.

ಸೆಲ್‌ನಲ್ಲಿ ಜೀನ್ ಹಾಕಿ ತೆಗೆದು ನೋಡೋದು

ಇಳಿಯೋದು ಏರೋದು ನೋಡಿದ್ರೆ ಜೀನ್ ಕೆಲಸ ಮಾಡ್ತು ಅಂತಲ್ಲ, ಬೆಳಗಾಯ್ತು ಅಂತ ಕೋಳಿ ಕೂಗುತ್ತೆ, ಕೋಳಿ ಕೂಗಿದ್ದಕ್ಕೆ ಬೆಳಗಾಗಲ್ಲ. ಕಾರಣ ತೋರಿಸೋಕೆ ಕೈ ಹಾಕಿ ಬದಲಾಯಿಸ್ಬೇಕು. ಸುಲಭದ ಜಾಗ ಬಿಎಂಎನ್ ಸೆಲ್, ರೇಷ್ಮೆ ಹುಳುವಿನ ಅಂಡಾಶಯದಿಂದ ಬಂದಿದ್ದು. 27 ಡಿಗ್ರಿ ಸಾಕು, ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಬೇಡ, ಟಿಸಿ-100 ಅಥವಾ ಗ್ರೇಸ್ ಮೀಡಿಯಂಗೆ 10 ಪರ್ಸೆಂಟ್ ಸೀರಂ. ಬಡ ಲ್ಯಾಬಿಗೆ ದೇವರು ಕೊಟ್ಟ ಸೆಲ್.

ಹೆಚ್ಚು ಮಾಡೋದು: ಜೀನ್‌ನ ಟ್ಯಾಗ್ ಸಮೇತ ಕೀಟದ ಪ್ರೊಮೋಟರ್ ಇರೋ ಪ್ಲಾಸ್ಮಿಡ್‌ಗೆ ಹಾಕಿ ಟ್ರಾನ್ಸ್‌ಫೆಕ್ಟ್ ಮಾಡಿ, ಪಕ್ಕದಲ್ಲಿ ಬರೀ ಜಿಎಫ್‌ಪಿ ಹಾಕಿದ ಸೆಲ್, ಜೊತೆಗೆ ಏನೂ ಹಾಕದ ಸೆಲ್ (ಜಿಎಫ್‌ಪಿ ಅಂದ್ರೆ ಹಸಿರು ಹೊಳೆಯೋ ಪ್ರೋಟೀನ್). 48 ಗಂಟೆ ಬಿಟ್ಟು ಸಾವು ಕೊಡಿ, ಯುವಿ ಅಥವಾ ಆಕ್ಟಿನೋಮೈಸಿನ್ ಡಿ. ಡೋಸ್ ಯಾರದೋ ಪೇಪರಿಂದ ಕದೀಬೇಡಿ, ನಿಮ್ಮ ಸೆಲ್ ನಿಮ್ಮ ಬಾಟಲಿಗೆ ಕರ್ವ್ ಹಾಕಿ, ಅರ್ಧಕ್ಕರ್ಧ ಸೆಲ್ ಒಂದು ದಿನದೊಳಗೆ ಸಾಯೋ ಡೋಸ್ ಆರಿಸಿ. ಎಲ್ಲಾ ಸಾಯೋ ಡೋಸ್‌ಗೆ ಯಾವ ಜೀನೂ ತಡೆಯಲ್ಲ. ಆಕ್ಟಿನೋಮೈಸಿನ್ ಹೊಸ ಆರ್‌ಎನ್‌ಎ ಬರೆಯೋದನ್ನೇ ನಿಲ್ಲಿಸುತ್ತೆ, ನಿಮ್ಮ ಪ್ಲಾಸ್ಮಿಡ್‌ದೂ ನಿಲ್ಲುತ್ತೆ, ಅದಕ್ಕೇ ಮೊದಲು ಪ್ರೋಟೀನ್ ತುಂಬ್ಕೊಳ್ಳೋಕೆ ಬಿಡ್ಬೇಕು, ಯುವಿ ಥರ ಬೇರೆ ಏಟಲ್ಲೂ ತೋರಿಸ್ಬೇಕು.

ಕಮ್ಮಿ ಮಾಡೋದು: 400-500 ಬೇಸ್ ಉದ್ದದ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ, ಜೀನ್‌ನ ಎರಡು ಬೇರೆ ಬೇರೆ ಭಾಗಕ್ಕೆ ಎರಡು, ಕಂಟ್ರೋಲ್‌ಗೆ ಜಿಎಫ್‌ಪಿದು. ಬಿಎಂಎನ್ ಸೆಲ್ ಇದನ್ನ ಮೀಡಿಯಂನಿಂದ ತಾನಾಗೇ ಒಳಗೆ ತಗೊಳ್ಳಲ್ಲ, ಲಿಪಿಡ್ ಹಾಕಿ ತಳ್ಬೇಕು, ಅಥವಾ ಸಿಡ್-1 ಜೀನ್ ಸೇರಿಸಿರೋ ಬಿಎಂಎನ್4 ಸೆಲ್ ಸಿಕ್ರೆ ನೆನೆಸಿದ್ರೆ ಸಾಕು. ನೊಣದ ಸೆಲ್‌ಗಳಲ್ಲಿ ಡಿಐಎಪಿ1 ತೆಗೆದ್ರೆ ಬೇರೆ ಯಾವ ಏಟೂ ಇಲ್ದೆ ತಾವಾಗೇ ಸಾಯ್ತವೆ. ನಿಮ್ದರಲ್ಲೂ ಹಂಗಾದ್ರೆ ಒಳ್ಳೇ ಸೂಚನೆ, ಆಗ್ಲಿಲ್ಲ ಅಂದ್ರೆ ಬೇರೆ ಜೀನ್ ಆ ಜಾಗ ತುಂಬ್ತಿದೆಯಾ ನೋಡ್ಬೇಕು.

ಆಮೇಲೆ ಎಲ್ರೂ ಬಿಡೋ ಕೆಲಸ, ರೆಸ್ಕ್ಯೂ. ಆರ್‌ಎನ್‌ಎಐ (ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎಯಿಂದ ಜೀನ್ ಇಳಿಸೋದು) ಹಿಡಿಯದ ಹಾಗೆ ಕೋಡಾನ್ ಬದಲಾಯಿಸಿದ ಅದೇ ಜೀನ್‌ನ ವಾಪಸ್ ಹಾಕಿದಾಗ ಸೆಲ್ ಬದುಕ್ಬೇಕು. ಬಿಐಆರ್‌ನ ಸಿಸ್ಟೀನ್ ಕೆಡಿಸಿದ್ದು, ರಿಂಗ್ ಕತ್ತರಿಸಿದ್ದು ಹಾಕಿದಾಗ ಬದುಕ್ತವಾ ಅಂತ ನೋಡಿ. ಜೀನ್ ಯಾವ ಭಾಗದಿಂದ ಕೆಲಸ ಮಾಡುತ್ತೆ ಅನ್ನೋದು ಇಲ್ಲೇ ಬಯಲಾಗೋದು.

ಸತ್ತಿದೆ ಅಂತ ಹೇಗೆ ಹೇಳ್ತೀರಿ

ಎಂಟಿಟಿ ಮಾಡಿ ‘ಅಪಾಪ್ಟೋಸಿಸ್ ಕಮ್ಮಿ ಆಯ್ತು’ ಅಂತ ಬರೆದಿರೋ ಥೀಸಿಸ್ ನೋಡಿದ್ರೆ ತಲೆ ಕೆಡುತ್ತೆ. ಎಂಟಿಟಿ ಹೇಳೋದು ಸೆಲ್ ಎಷ್ಟು ಚುರುಕಾಗಿದೆ ಅಂತ, ಟ್ರಿಪ್ಯಾನ್ ಬ್ಲೂ ಹೇಳೋದು ಪೊರೆ ಹರಿದಿದೆಯಾ ಅಂತ. ಹೇಗೆ ಸತ್ತಿತು ಅಂತ ಎರಡೂ ಹೇಳಲ್ಲ. ಕನಿಷ್ಠ ಮೂರು ಸಾಕ್ಷಿ ಬೇಕು, ಮೂರೂ ಬೇರೆ ಬೇರೆ ಹಂತದ್ದು.

ಕ್ಯಾಸ್ಪೇಸ್ ಚಟುವಟಿಕೆ ಒಂದು, ಅದಕ್ಕೆ ಕ್ಯಾಸ್ಪೇಸ್ ಕತ್ತರಿಸೋ ಡಿಇವಿಡಿ ಅನ್ನೋ ಚಿಕ್ಕ ಪೆಪ್ಟೈಡ್ ಬಳಸ್ತೀವಿ. ಡಿಇವಿಡಿ ಸಬ್‌ಸ್ಟ್ರೇಟ್ ಕತ್ತರಿಸಿದ್ರೆ ಹಳದಿ ಬರುತ್ತೆ, 405 ನ್ಯಾನೋಮೀಟರಲ್ಲಿ ಓದಿ, ಪ್ರೋಟೀನ್ ಅಳತೆಗೆ ಭಾಗಿಸಿ. ಅದೇ ಲೈಸೇಟ್‌ಗೆ ಕ್ಯಾಸ್ಪೇಸ್ ಇನ್ಹಿಬಿಟರ್ ಹಾಕಿದ ಬಾವಿ ಪಕ್ಕದಲ್ಲೇ ಇರ್ಲಿ, ಹಳದಿ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಅದು ಗ್ರಂಥಿಯ ಬೇರೆ ಪ್ರೋಟಿಯೇಸ್. ಡಿಇವಿಡಿ ಅಳೆಯೋದು ಕೊನೇ ಕತ್ತರಿಯನ್ನ, ಬಿಎಂಐಎಪಿ ಹಿಡಿಯೋದು ಮೊದಲ ಕತ್ತರಿಯನ್ನ ಅಂತ ಮೇಲೆ ಹೇಳಿದ್ನಲ್ಲ, ಅದಕ್ಕೆ ಕ್ಯಾಸ್ಪೇಸ್-9 ಥರದ ಸಬ್‌ಸ್ಟ್ರೇಟ್ ಕೂಡ ಒಂದು ಸಾಲು ಹಾಕಿ.

ಡಿಎನ್‌ಎ ಲ್ಯಾಡರ್ ಎರಡನೇದು, ಹಳೇದು, ಅಗ್ಗದ್ದು, ಇವತ್ತಿಗೂ ನಂಬಿಕಸ್ಥ. 2 ಪರ್ಸೆಂಟ್ ಅಗರೋಸ್ ಜೆಲ್‌ನಲ್ಲಿ ಸುಮಾರು 180 ಬೇಸ್‌ಗೊಂದು ಮೆಟ್ಟಿಲು ಕಾಣ್ಬೇಕು. ಮೆಟ್ಟಿಲಿಲ್ದೆ ಬರೀ ಬಳಿದಂಗೆ ಇದ್ರೆ ಅದು ಒಡೆದು ಸತ್ತಿದ್ದು ಅಥವಾ ನೀವು ಕೆಡಿಸಿದ್ದು. ಮೂರನೇದು ಸೆಲ್‌ಗಾದ್ರೆ ಅನೆಕ್ಸಿನ್ ವಿ (ಸಾಯ್ತಿರೋ ಸೆಲ್ ಹೊರಪೊರೆಗೆ ಅಂಟೋದು) ಜೊತೆ ಪಿಐ (ಪೊರೆ ಹರಿದ ಸೆಲ್ ಒಳಗೆ ಹೋಗೋ ಬಣ್ಣ). ಅದಕ್ಕೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಇರೋ ಬಫರ್ ತಾಕಿಸ್ಬೇಡಿ, ಬಿಎಂಎನ್ ಸೆಲ್ ಮೆಲ್ಲಗೆ ಪಿಪೆಟ್ ಮಾಡಿದ್ರೂ ಬಿಡುತ್ತೆ. ಗ್ರಂಥಿಗಾದ್ರೆ ಟನೆಲ್ (ತುಂಡಾದ ಡಿಎನ್‌ಎಗೆ ಬಣ್ಣ ಹಾಕೋದು), ಒಂದು ಸ್ಲೈಡ್ ಡಿಎನ್‌ಏಸ್ ಹಾಕಿ ಬೇಕಂತಲೇ ಒಡೆದಿದ್ದು, ಒಂದು ಸ್ಲೈಡ್ ಎಂಜೈಮ್ ಇಲ್ಲದ್ದು. ಆಟೋಫೇಜಿ ಬೇರೆ, ಅದಕ್ಕೆ ಎಟಿಜಿ8 ಅನ್ನೋ ಆಟೋಫೇಜಿ ಪ್ರೋಟೀನ್ ಪ್ರತ್ಯೇಕ ನೋಡ್ಕೊಳ್ಳಿ. ಜೀನ್ ಹೆಚ್ಚು ಮಾಡಿದಾಗ ಅಪಾಪ್ಟೋಸಿಸ್ ನಿಂತು ಗ್ರಂಥಿ ಆಟೋಫೇಜಿಯಿಂದಲೇ ಕರಗ್ತಾ ಹೋದ್ರೂ ಹೋಗ್ಬಹುದು, ಬರೀ ಟನೆಲ್ ನೋಡಿದೋರು ಗ್ರಂಥಿ ಉಳೀತು ಅಂದ್ಕೊಂತಾರೆ.

ಫೋಟೋ ಎಣಿಸೋವಾಗ ಸ್ಲೈಡ್ ಮೇಲಿನ ಹೆಸರು ಮುಚ್ಚಿ, ಬೇರೆಯವರ ಕೈಲಿ ನಂಬರ್ ಹಾಕಿಸಿ. ನಮ್ಮ ಕಣ್ಣಿಗೆ ನಮಗೆ ಬೇಕಾದ್ದೇ ಕಾಣೋದು.

ಹುಳುವಿನ ಒಳಗೆ

ಹುಳುಗೆ ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ ಚುಚ್ಚಿ ಜೀನ್ ಇಳಿಸೋದು ರೇಷ್ಮೆ ಹುಳುವಿನಲ್ಲಿ ನೆಚ್ಚಿಕೊಳ್ಳೋಕಾಗಲ್ಲ. ಚಿಟ್ಟೆ ಜಾತಿಯವೇ ಹಂಗೆ, ಆರ್‌ಎನ್‌ಎನ ಕತ್ತರಿಸೋ ಎಂಜೈಮು ಇವೆ, ಸೆಲ್‌ನಿಂದ ಸೆಲ್‌ಗೆ ಹರಡೋದೂ ಕಮ್ಮಿ. ಟ್ರೈ ಮಾಡಿ, ಆದ್ರೆ ಪ್ರತಿ ಹುಳುವಿನಲ್ಲೂ ಜೀನ್ ನಿಜವಾಗ್ಲೂ ಇಳೀತಾ ಅಂತ ಅಳೆದು ಇಳಿದಿರೋದನ್ನ ಮಾತ್ರ ಲೆಕ್ಕಕ್ಕೆ ತಗೋತೀನಿ ಅಂದ್ರೆ ಮೋಸ ಆಗುತ್ತೆ, ಎಲ್ಲಾ ಹುಳುನೂ ತೋರಿಸ್ಬೇಕು.

ಗಟ್ಟಿ ದಾರಿ ಕ್ರಿಸ್ಪರ್, ಅಂದ್ರೆ ಗೈಡ್ ಆರ್‌ಎನ್‌ಎ ತೋರಿಸಿದ ಜಾಗದಲ್ಲಿ ಕ್ಯಾಸ್9 ಪ್ರೋಟೀನ್ ಜೀನ್‌ನ ಕತ್ತರಿಸೋದು. ರೇಷ್ಮೆ ಹುಳುವಿನಲ್ಲಿ 2013ರಲ್ಲಿ ಬಿಎಲ್‌ಓಎಸ್2 ಜೀನ್ ಮೇಲೆ ಮಾಡಿ ತೋರಿಸಿದ್ರು. ಆ ಜೀನ್ ಕೆಟ್ರೆ ಹುಳು ಚರ್ಮ ಎಣ್ಣೆ ಕಾಗದದ ಥರ ಆಗುತ್ತೆ, ಕಣ್ಣಲ್ಲೇ ಕಾಣುತ್ತೆ. ಅದಕ್ಕೆ ನಿಮ್ಮ ಜೀನ್‌ಗೆ ಮುಂಚೆ ಬಿಎಲ್‌ಓಎಸ್2 ಗೈಡ್ ಹಾಕಿ ಕೈ ಪಳಗಿಸ್ಕೊಳ್ಳಿ. ಮೊಟ್ಟೆ ಇಟ್ಟ ಮೂರ್ನಾಲ್ಕು ಗಂಟೆಯೊಳಗೆ, ಒಳಗಿನ ನ್ಯೂಕ್ಲಿಯಸ್‌ಗಳಿಗೆ ಸುತ್ತ ಪೊರೆ ಬರೋಕೆ ಮುಂಚೆ ಚುಚ್ಬೇಕು. ಚಿಪ್ಪು ಗಟ್ಟಿ, ಗಾಜಿನ ಸೂಜಿ ಪಟ್ ಅಂತ ಮುರಿಯುತ್ತೆ, ಮೊದಲು ಟಂಗ್‌ಸ್ಟನ್ ಸೂಜೀಲಿ ತೂತು, ಆಮೇಲೆ ಗಾಜಿನ ಸೂಜಿ, ಆಮೇಲೆ ತೂತಿಗೆ ಒಂದು ಚೂರು ಫೆವಿಕ್ವಿಕ್. ಹೌದು, ಅಂಗಡೀಲಿ ಸಿಗೋ ಥರದ್ದೇ. ಒದ್ದೆ ಡಬ್ಬೀಲಿ 25 ಡಿಗ್ರಿ.

ಹುಟ್ಟೋ ಹುಳು ಮೊಸಾಯಿಕ್, ಅರ್ಧ ಸೆಲ್ ಕೆಟ್ಟಿರುತ್ತೆ ಅರ್ಧ ಇಲ್ಲ, ಅದರ ಮೇಲೆ ತೀರ್ಮಾನ ಹೇಳ್ಬೇಡಿ, ಕ್ರಾಸ್ ಮಾಡಿ ಮುಂದಿನ ತಲೆಮಾರಲ್ಲಿ ಸೀಕ್ವೆನ್ಸ್ ನೋಡಿ. ಇನ್ನೊಂದು, ಸಾವು ತಡೆಯೋ ಜೀನ್ ಪೂರ್ತಿ ತೆಗೆದ್ರೆ ಭ್ರೂಣನೇ ಉಳೀದೇ ಹೋಗ್ಬಹುದು, ಆಗ ಗ್ರಂಥಿ ಬಗ್ಗೆ ಏನೂ ಗೊತ್ತಾಗಲ್ಲ. ಅದಕ್ಕೆ ಫೈಬ್ರೋಯಿನ್ ಪ್ರೊಮೋಟರ್ ಕೆಳಗೆ ಕ್ಯಾಸ್9 ಇಟ್ಟು ಹಿಂಭಾಗದ ಗ್ರಂಥೀಲಿ ಮಾತ್ರ ಕತ್ತರಿಸೋದು. ಇದಕ್ಕೆ ಟ್ರಾನ್ಸ್‌ಜೆನಿಕ್ ಹುಳು (ಹೊರಗಿನ ಜೀನ್ ಸೇರಿಸಿದ್ದು) ಬೇಕು, ಪಿಗ್ಗಿಬ್ಯಾಕ್ (ಜೀನೋಮ್ ಒಳಗೆ ಸೇರ್ಕೊಳ್ಳೋ ಡಿಎನ್‌ಎ ತುಂಡು) ದಾರೀಲಿ ಮಾಡೋದು, 2000ನೇ ಇಸವೀಲಿ ಜಪಾನಿನವರು ತೋರಿಸಿದ್ದು. ವರ್ಷದ ಕೆಲಸ, ಎಂಎಸ್ಸಿ ಪ್ರಾಜೆಕ್ಟಲ್ಲಿ ಕೈ ಹಾಕ್ಬೇಡಿ.

ಕ್ರಿಸ್ಪರ್ ಆಗ್ಲಿ ಟ್ರಾನ್ಸ್‌ಜೆನಿಕ್ ಆಗ್ಲಿ, ಶುರು ಮಾಡೋಕೆ ಮುಂಚೆ ನಿಮ್ಮ ಸಂಸ್ಥೆಯ ಬಯೋಸೇಫ್ಟಿ ಕಮಿಟಿ ಒಪ್ಪಿಗೆ ಬೇಕು, ಜೀನ್ ಬದಲಾಯಿಸಿದ ಜೀವಿಗಳ ಮೇಲಿನ ಸರ್ಕಾರದ 1989ರ ನಿಯಮಗಳು ಇದಕ್ಕೇ ಇರೋದು. ಬೇರೆ ಊರಲ್ಲಿ ಇದು ಪೇಪರ್ ಕೆಲಸ ಇರ್ಬಹುದು, ನಮ್ಮ ಕಡೆ ಅಲ್ಲ, ಲ್ಯಾಬ್ ಕಾಂಪೌಂಡ್ ದಾಟಿದ್ರೆ ಮನೆ ಮನೇಲೂ ಹುಳು. ಪ್ರತಿ ಹುಳು, ಪ್ರತಿ ಗೂಡು, ಪ್ರತಿ ಚಿಟ್ಟೆ ಎಣಿಸಿ ಪುಸ್ತಕದಲ್ಲಿ ಬರೀರಿ, ಬಂದಷ್ಟು ಸಂಖ್ಯೆ ಹೋದಷ್ಟು ಸಂಖ್ಯೆ ತಾಳೆ ಆಗ್ಬೇಕು. ಮುಗಿದ ಮೇಲೆ ಒಂದು ರಾತ್ರಿ ಮೈನಸ್ 20ರಲ್ಲಿ ಇಟ್ಟು ಆಟೋಕ್ಲೇವ್, ಹಿಕ್ಕೆ ಉಳಿದ ಸೊಪ್ಪು ಸಮೇತ. ಪ್ಲಾಸ್ಟಿಕ್ ಚಂದ್ರಿಕೆ ಚೆನ್ನಾಗೇ ಇದೆ ಅಂತ ಊರಿಗೆ ತಗೊಂಡು ಹೋಗ್ಬೇಡಿ. ಅವ್ವ ಎರಡು ಸಲ ಕೇಳಿದಾಳೆ, ಎರಡು ಸಲನೂ ಇಲ್ಲ ಅಂದಿದೀನಿ, ಹೊಸದು ತಂದ್ಕೊಟ್ಟೆ.